ಬಾನೆಟ್ಟಿನೊಳಗಿನ ದನಿ

ವಿಜಯಪುರದ ನಮ್ಮ ಗ್ಯಾರೇಜಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಮಂದಿಯ ದನಿ ತೆಗೆಯುವುದು. ಕಾರಿನ ಎ.ಸಿ. ರಿಪೇರಿ ಆಮೇಲಿನದು. ಕೆಮ್ಮುವ ಕಂಪ್ರೆಸರ್, ರೇಟು ಇಳಿಸಲು ಗೋಗರೆಯುವ ಗಿರಾಕಿ, ಬೈಸಿಕೊಂಡು ಮುಲುಗುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಗ್ಯಾರೇಜಿನ ಒಡೆಯ ನಮ್ಮ ಮೇಸ್ತ್ರಿಯ ಗಡಸು ದನಿಗಂತೂ ಅವರ ಹೆಂಡತಿಯೇ ಮೋಸಹೋಗಿ, ಬರುವಾಗ ಬದನೆಕಾಯಿ ತರಲು ಫೋನಿನಲ್ಲಿ ನನಗೆ ಹೇಳಿದ್ದರು.

ಮೇಸ್ತ್ರಿಯ ಆ ಗಂಟಲನ್ನು ಗುಟಕಾ ತಿಂದಿತು. ಡಾಕ್ಟರು ಕ್ಯಾನ್ಸರ್ ಹಿಡಿದ ದನಿಪೆಟ್ಟಿಗೆ ತೆಗೆದು, ಉಸಿರಾಡಲು ಕೊರಳಲ್ಲೊಂದು ತೂತು ಬಿಟ್ಟರು. ತಿಕೋಟಾದ ಇಬ್ಬರು ಗಿರಾಕಿಗಳು ಮೇಸ್ತ್ರಿಯ ಕೈಸನ್ನೆ ನೋಡಿ, ಇವನಿಂದ ಇನ್ನು ಕೆಲಸವಾಗದು ಎಂದುಕೊಂಡು ಗಾಡಿ ಒಯ್ದರು. ಅಂದಿನಿಂದ ಮೇಸ್ತ್ರಿ ಕೊರಳಿಗೆ ಟವೆಲ್ ಸುತ್ತಿಕೊಂಡರು, ಫೋನು ನನ್ನ ಕೈಗೆ ಕೊಟ್ಟರು. ನಾನು ಅವರ ದನಿಯಲ್ಲಿ ಮಾತಾಡುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು.

ಬಬಲೇಶ್ವರದ ಕಾಳಿನ ವ್ಯಾಪಾರಿ, ನಾವು ಸಾವಕಾರ ಎನ್ನುವವರು, ತಂದೆಯ ಕಾಲದ ಅಂಬಾಸಿಡರ್ ಡ್ರೈವರನ ಕೈಲಿ ಕಳಿಸಿದ್ದರು. ಕೂಲಿಂಗ್ ಕಾಯಿಲ್ ತೂತುಬಿದ್ದು ಗ್ಯಾಸ್ ನಿಲ್ಲುತ್ತಿರಲಿಲ್ಲ. ಬೇರೆ ಕಾಯಿಲ್ ಕೂಡಿಸಿ, ನೈಟ್ರೋಜನ್ ತುಂಬಿ, ಸೋರುತ್ತದೋ ಎಂದು ನೋಡುತ್ತಿದ್ದಾಗ ಅವರು ಹೇಳದೆ ಬಂದರು. ಮೇಸ್ತ್ರಿ ಗಡಿಬಿಡಿಯಿಂದ ಬಾನೆಟ್ಟಿನೊಳಗೆ ತಲೆ ಹಾಕಿದರು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಬಿದ್ದಿದ್ದೆ.

ಸಾವಕಾರರು ಆರಾಮೇನು ಎಂದು ಕೇಳಿದರು. ಬಿದ್ದಲ್ಲಿಂದಲೇ ಮೇಸ್ತ್ರಿಯ ದನಿ ತೆಗೆದು, ಆರಾಮ ಎಂದೆ. ಹುಡುಗ ಹೆಂಗ ಎಂದು ನನ್ನ ಬಗ್ಗೆ ಕೇಳಿದರು. ಅದಕ್ಕೂ ಮೇಸ್ತ್ರಿಯ ದನಿಯಲ್ಲಿ ನಾನೇ ಹೇಳಿದೆ.

“ಅವಂಗ ಕೆಲಸಾ ಬರಂಗಿಲ್ರಿ, ಬರೇ ಬಾಯಿ ಅಷ್ಟ.”

ಸಾವಕಾರರು ನಕ್ಕರು. ನಕ್ಕು ಸುಮ್ಮನಾದ ಮೇಲೆ ಗಾಡಿಗೆ ಕಿವಿಗೊಟ್ಟರು.

“ಮೇಸ್ತ್ರಿ, ಇನ್ನೂ ಎಲ್ಲೋ ಸೋರಾಕತ್ತೈತಿ ನೋಡ್ರಿ. ಸುಂಯ್ ಅಂತೈತಿ.”

ಮೀಟರಿನ ಮುಳ್ಳು ಅಲುಗಿರಲಿಲ್ಲ. ಕಾಯಿಲ್ ಸೋರುತ್ತಿರಲಿಲ್ಲ. ಅವರ ಚಪ್ಪಲಿಗಳು ಬಾನೆಟ್ಟಿನತ್ತ ಹೋದದ್ದು ತೆರೆದ ಬಾಗಿಲಿನಿಂದ ಕಂಡಿತು. ಸದ್ದು ಹುಡುಕುತ್ತ ಬಗ್ಗಿದವರು ಮೇಸ್ತ್ರಿಯ ಟವೆಲ್ಲಿನಡಿ ಸುಂಯ್ ಎನ್ನುವ ಉಸಿರಿಗೆ ಬಂದು ನಿಂತರು.

“ಯಾವಾಗ ಆತ್ರಿ ಇದು?”

ಮೇಸ್ತ್ರಿಯ ದನಿ ನನ್ನ ಬಾಯಿಗೆ ಬರಲಿಲ್ಲ. ದೀಪಾವಳಿ ಮುಂದ ಆಪರೇಶನ್ ಆತ್ರಿ ಎಂದೆ, ನನ್ನ ದನಿಯಲ್ಲೇ.

ಸಾವಕಾರರು ಬೈಯಲಿಲ್ಲ. ಗಾಡಿ ಇರಲಿ, ಕೆಲಸ ಮುಗಿಸಿ ಎಂದರು. ಹೊರಡುವಾಗ ರೂಢಿಯಂತೆ, ಎ.ಸಿ.ಗೆ ತಂಪು ಹತ್ತಿದ ಕೂಡಲೇ ಫೋನು ಮಾಡಲು ಮೇಸ್ತ್ರಿಗೆ ಹೇಳಹೋಗಿ, ಅರ್ಧಕ್ಕೆ ತಡೆದು, ನನ್ನ ಕಡೆ ತಿರುಗಿ ಮುಗಿಸಿದರು.

ಅವರು ಹೋದ ಮೇಲೆ ಮೇಸ್ತ್ರಿ ನನ್ನಿಂದ ಫೋನು ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡರು. ಸಂಜೆ ಅದು ರಿಂಗಾಯಿತು. ನಾನು ಕೈಯೊಡ್ಡಿದೆ. ಅವರು ಕೊಡಲಿಲ್ಲ. ಕಿಸೆಯ ಮೇಲೆ ಅಂಗೈ ಒತ್ತಿ, ಅದು ಸುಮ್ಮನಾಗುವ ತನಕ ನಿಂತೇ ಇದ್ದರು.