ಅಟ್ಟದ ಮೂರನೆಯ ಸದ್ದು

ಬಟ್ಟೆ ಒಣಗುವ ತಂತಿಯ ಮೇಲೆ ಒಂದು ಜೊತೆ ಹಸಿರು ಕಾಲುಚೀಲ ನೇತಾಡುತ್ತಿದೆ. ನನ್ನವೇ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ನನ್ನ ಕಾಲಿಗೆ ಇಂಥದ್ದು ಹಾಕಿಸಿದವರು ಬೆಂಗಳೂರಿನವರು. ಬೆರಳುಗಳಿಗೆ ಉಸಿರು ಕಟ್ಟಿದ ಹಾಗಾಯಿತು. ನಿಮಗೆ ಅಭ್ಯಾಸವಿರಬಹುದು, ನಗುತ್ತೀರಿ, ನಗಿ. ಇವನ್ನು ಕಂಡಾಗಲೆಲ್ಲ ಆವತ್ತಿನದು ನೆನಪಾಗುತ್ತದೆ. ಮನೆಯವರಿಗೆ ಹೇಳಿಲ್ಲ, ತಲೆ ಕೆಟ್ಟಿದೆ ಅಂದುಬಿಡುತ್ತಾರೆ. ನಿಮಗೆ ಹೇಳುತ್ತೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಮ್ಮಕ್ಕ ಶಿವಗಂಗ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ದಬ್ಬೇಘಟ್ಟದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎರಡು ವರ್ಷದಿಂದ ಒಂದು ಮಾತಾಡಿಲ್ಲ. ಕೊಟ್ಟರೆ ಉಣ್ಣುತ್ತಾಳೆ, ಕೂರಿಸಿದ ಕಡೆ ಕೂರುತ್ತಾಳೆ, ನನ್ನ ಮುಖವನ್ನು ಗೋಡೆ ನೋಡಿದ ಹಾಗೆ ನೋಡುತ್ತಾಳೆ. ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅವಳನ್ನು ಒಂದು ಮಾತು ಕೇಳುವುದಿತ್ತು. ಅರವತ್ತು ವರ್ಷದಿಂದ ನಾಳೆ ಕೇಳೋಣ, ನಾಳೆ ಕೇಳೋಣ ಎಂದುಕೊಂಡೇ ಇದ್ದೆ. ಅಷ್ಟರಲ್ಲಿ ಇವಳು ಹೀಗೆ ಕೂತುಬಿಟ್ಟಳು.

ಏನು ಕೇಳುವುದಿತ್ತು ಎಂದು ತಿಳಿಯಬೇಕಾದರೆ ನಮ್ಮ ತವರಿನ ಅಟ್ಟ ಹತ್ತಬೇಕು. ತವರು ಶೆಟ್ಟಿಕೆರೆ ಕಡೆ. ನಮ್ಮ ಸೀಮೆಯಲ್ಲಿ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ, ಕತ್ತಲಲ್ಲಿ ಆಗುವುದು. ಬಲಿತ ಕಾಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟುಬಿಡಬೇಕು. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಕಣ್ಣಿಗೆ ತಿಳಿಯದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ, ಲೊಟಲೊಟ ಎಂದರೆ ಆಗಿದೆ. ನಮ್ಮ ಅಟ್ಟದಲ್ಲಿ ದೊಡ್ಡವರಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಆ ಕೆಲಸ ನಮ್ಮಿಬ್ಬರದು. ಅಕ್ಕ ಆ ಕೊನೆಯಿಂದ, ನಾನು ಈ ಕೊನೆಯಿಂದ. ಮಟಮಟ ಮಧ್ಯಾಹ್ನದಲ್ಲೂ ಒಬ್ಬರ ಮುಖ ಒಬ್ಬರಿಗೆ ಕಾಣದು.

ಬೇಜಾರಾದರೆ ಆಟ. ನಾನು ಒಂದು ಕಾಯನ್ನು ಮೂರು ಸಲ ಅಲ್ಲಾಡಿಸುತ್ತಿದ್ದೆ. ಅಕ್ಕ ಆ ಕೊನೆಯಿಂದ ಮೂರು ಸಲ ಉತ್ತರ ಕೊಡುತ್ತಿದ್ದಳು. ಆಮೇಲೆ, ದಿನಾ ಅಲ್ಲ, ಯಾವಾಗಲೋ ಒಂದೊಂದು ಸಲ, ನಾವಿಬ್ಬರೂ ಇಲ್ಲದ ಅಡುಗೆಮನೆಯ ಮೇಲಿನ ಮೂಲೆಯಿಂದ ನಿಧಾನವಾಗಿ ಇನ್ನೊಂದು. ಲೊಟ. ಲೊಟ. ಲೊಟ.

"ಬಂತು ಕಣೇ!" ಎಂದು ಅಕ್ಕ ಕಿರುಚುತ್ತಿದ್ದಳು. ಕಾಯಿಗಳ ಮೇಲೆ ಬಿದ್ದು, ಉರುಳಿ, ಮಂಡಿ ತರಚಿಕೊಂಡು ಏಣಿ ಇಳಿದರೆ ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಅಷ್ಟು ಹೆದರಿಕೆ, ಅಷ್ಟು ಸಂತೋಷ ಎರಡೂ ಒಟ್ಟಿಗೆ ನನಗೆ ಮತ್ತೆ ಆಗಲೇ ಇಲ್ಲ. ಮದುವೆಯ ದಿನ ಹೆದರಿಕೆ ಒಂದೇ ಆಗಿತ್ತು.

"ಇಲಿ ಕಣ್ರೇ. ಕೆಲ್ಸ ಕದಿಯಾಕೆ ನಿಮಗೊಂದು ನೆವ," ಎಂದು ಅವ್ವ ಬೈಯುತ್ತಿದ್ದಳು.

ಇಲಿ ಎಣಿಸಿಕೊಂಡು ಮೂರು ಸಲ ಅಲ್ಲಾಡಿಸುತ್ತದೆಯೇ? ನನ್ನ ಅನುಮಾನ ಅಕ್ಕನ ಮೇಲೆ. ಯಾವುದೋ ಕಾಯಿಗೆ ಹಗ್ಗ ಕಟ್ಟಿ ಎಳೆಯುತ್ತಾಳೆ ಎಂದು ನನ್ನ ಲೆಕ್ಕ. ಒಂದು ದಿನ ಊಟ ಬಿಟ್ಟು ಆ ಮೂಲೆಯ ಕಾಯಿಗಳನ್ನೆಲ್ಲ ತಡವಿ ನೋಡಿದೆ. ಹಗ್ಗ ಸಿಗಲಿಲ್ಲ. ಅವಳನ್ನೇ ಕೇಳಬಹುದಿತ್ತು. ಕೇಳಿದರೆ ಆಟ ನಿಂತುಹೋದೀತು ಎಂದು ಕೇಳಲಿಲ್ಲ. ಆಮೇಲೆ ಮದುವೆ, ಮಕ್ಕಳು, ಬಾಣಂತನ. ಇನ್ನೇನು ಕೇಳುವುದು.

ಈಚೆಗೆ ಅಕ್ಕನನ್ನು ತಲೆಯ ಡಾಕ್ಟರಿಗೆ ತೋರಿಸಲು ಅವಳು, ಅವಳ ಮೊಮ್ಮಗಳು ರಮ್ಯ, ನಾನು, ಮೂವರೂ ತಿಪಟೂರಿನಿಂದ ಬೆಂಗಳೂರಿನ ರೈಲು ಹತ್ತಿದೆವು. ಡಾಕ್ಟರು ನಾಲ್ಕು ಗಂಟೆಗೆ ಬನ್ನಿ ಎಂದರು. ಅಲ್ಲಿಯವರೆಗೆ ಎಲ್ಲಿ ಕೂರುವುದು?

"ಚಿಕ್ಕಜ್ಜಿ, ಇಲ್ಲೇ ಒಂದು ಮ್ಯೂಸಿಯಂ ಐತೆ. ತಂಪಾಗಿರುತ್ತೆ, ಬಾತ್‌ರೂಮೂ ಚೆನ್ನಾಗೈತೆ," ಎಂದಳು ರಮ್ಯ.

"ಏನೈತೆ ಅದ್ರೊಳಗೆ?"

"ಆಟ. ದೊಡ್ಡೋರು ಆಡೋ ಆಟ."

"ಆಡೋ ವಯಸ್ಸಲ್ಲಿ ಕೆಲ್ಸ ಮಾಡ್ಸಿದ್ರು. ಸಾಯೋ ವಯಸ್ಸಲ್ಲಿ ಆಡು ಅಂತೀಯಲ್ಲೇ!"

ಒಂದು ಕೋಣೆಗೆ ಒಂದು ಸಲಕ್ಕೆ ಇಬ್ಬರನ್ನೇ ಬಿಡುವುದಂತೆ. ಬಾಗಿಲಲ್ಲಿದ್ದ ಹೆಂಗಸು ಕಾಲುಚೀಲ ಹಾಕಿಸಿ ಅಕ್ಕನನ್ನೂ ನನ್ನನ್ನೂ ಒಳಗೆ ಬಿಟ್ಟು ಪರದೆ ಎಳೆದಳು. ರಮ್ಯ ಚಪ್ಪಲಿ ಕಾಯುತ್ತ ಹೊರಗೇ ಕೂತಳು.

ಒಳಗೆ ಕತ್ತಲು. ಸೂರು ತಗ್ಗು. ಮಂಡಿಯವರೆಗೆ ಉಂಡೆಗಳ ರಾಶಿ, ಗೋಡೆಯಿಂದ ಗೋಡೆಗೆ. ಕಾಗದದಿಂದ ಮಾಡಿದ ಹಗುರ ಉಂಡೆಗಳು, ಕಾಯಿಯ ಗಾತ್ರದವು. ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಟಕಟಕ ಎಂದಿತು. ಇನ್ನೊಂದು ಸುಮ್ಮನಿತ್ತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಟಕಟಕ ಅನ್ನುವುದು ಬಲಕ್ಕೆ, ಸುಮ್ಮನಿರುವುದು ಎಡಕ್ಕೆ, ಮಂಡಿಯೂರಿ ವಿಂಗಡಿಸುತ್ತ ಹೋದೆ.

"ಅಜ್ಜಿ, ಅದು ಜೋಡಿಸೋದಲ್ಲ, ಆಡೋದು," ಎಂದಳು ಬಾಗಿಲ ಹೆಂಗಸು, ಪರದೆ ಸರಿಸಿ.

"ನಮ್ಮಾಟ ಇದೇ ಕಣಮ್ಮ. ನೀನು ಪರದೆ ಬುಡು."

ಎರಡು ರಾಶಿ ಬಿದ್ದಿತ್ತು. ತಿರುಗಿ ನೋಡಿದರೆ ಅಕ್ಕ ಇಲ್ಲ. ಕೈ ಬಿಟ್ಟಿದ್ದು ನಾನೇ. "ಅಕ್ಕಾ" ಎಂದೆ. ಕೂಗಿದರೆ ಓ ಎನ್ನುವ ಹೆಂಗಸೇ ಅವಳು? ಎಲ್ಲಿ ಬಿದ್ದಳೋ, ಮೂಗಿನ ಮೇಲೆ ಏನು ಬಿತ್ತೋ. ಏನೂ ತೋಚದೆ ಕೈಗೆ ಸಿಕ್ಕ ಉಂಡೆಯನ್ನು ಮೂರು ಸಲ ಅಲ್ಲಾಡಿಸಿದೆ.

ಟಕ ಟಕ ಟಕ. ಆ ಕೊನೆಯಿಂದ ಉತ್ತರ ಬಂತು.

ತೆವಳಿಕೊಂಡು ಹೋದೆ. ಅಕ್ಕ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮಡಿಲ ಉಂಡೆಯನ್ನು ಆಚೆ ತಳ್ಳಿ ಎರಡೂ ಕೈ ಹಿಡಿದುಕೊಂಡೆ. ಮತ್ತೆ ಕಳೆದುಹೋಗದಿರಲಿ ಎಂದು ಬಿಗಿಯಾಗಿ ಹಿಡಿದೆ. ಆಗ, ನಾವಿಬ್ಬರೂ ಇಲ್ಲದ ಮೂಲೆಯಿಂದ ಬಂತು. ಅದು ಕಾಗದದ ಟಕಟಕ ಅಲ್ಲ. ಮಟ್ಟೆಯೊಳಗಿನ ಮಂಕು ಸದ್ದು.

ಲೊಟ. ಲೊಟ. ಲೊಟ.

ಅವಳ ನಾಲ್ಕು ಬೆರಳು, ಹೆಬ್ಬೆರಳು, ಎರಡೂ ಕೈಯವು, ನನ್ನ ಕೈಯೊಳಗೇ ಇದ್ದವು. ಕಾಲುಗಳು ನನ್ನ ತೊಡೆಗೆ ತಾಗಿಕೊಂಡಿದ್ದವು. ಅಕ್ಕ ನನ್ನ ಮುಖ ನೋಡಿದಳು. ಗೋಡೆ ನೋಡಿದ ಹಾಗೆ ಅಲ್ಲ.

"ಬಂತು ಕಣೇ," ಎಂದಳು. ಗಂಟಲು ತುಕ್ಕು ಹಿಡಿದಿತ್ತು. ನನ್ನ ಕೈಗಳನ್ನೇ ನೋಡಿ, "ಇಷ್ಟು ವರ್ಷ ನೀನೇ ಅಂದ್ಕಂಡಿದ್ನಲ್ಲೇ, ಪುಟ್ಟೀ," ಎಂದಳು.

ಮೊದಲು ಹೆದರಿಕೆ. ಆಮೇಲೆ ಇಬ್ಬರಿಗೂ ನಗು. ಉಂಡೆಗಳ ಮೇಲೆ ಬಿದ್ದು, ಎದ್ದು, ಒಬ್ಬರ ಸೀರೆಯನ್ನು ಒಬ್ಬರು ತುಳಿದುಕೊಂಡು ಹೊರಗೆ ಬಂದೆವು. ಒಳಗೆ ಬೇರೆ ಯಾರಿದ್ದರು ಎಂದು ಬಾಗಿಲ ಹೆಂಗಸನ್ನು ಕೇಳಿದೆ.

"ನೀವಿಬ್ಬರೇ ಅಜ್ಜಿ."

ಗೋಡೆಯಲ್ಲಿ ಯಂತ್ರ ಗಿಂತ್ರ ಇಟ್ಟಿದ್ದಾರಾ ಎಂದೆ. ಇಲ್ಲ, ಬರೀ ಉಂಡೆ ಎಂದಳು. ರಮ್ಯ ಅಕ್ಕನ ನಗು ಕಂಡು ಬಾಯಿ ತೆರೆದು ನಿಂತಿದ್ದಳು. ನಾಲ್ಕು ಗಂಟೆಗೆ ಡಾಕ್ಟರು ಹೆಸರು ಕೇಳಿದರೆ ಅಕ್ಕ ಮತ್ತೆ ಗೋಡೆ ನೋಡುತ್ತಿದ್ದಳು. ಇನ್ನು ಮಾತು ಬರುವುದು ಕಷ್ಟ ಎಂದು ಅವರು ಚೀಟಿ ಬರೆದರು.

ಈಗ ಪ್ರತಿ ಸೋಮವಾರ ದಬ್ಬೇಘಟ್ಟದ ಬಸ್ಸು ಹತ್ತುತ್ತೇನೆ. ಚೀಲದಲ್ಲಿ ಚೆನ್ನಾಗಿ ಒಣಗಿದ ಎರಡು ಕಾಯಿ. ಬಾಗಿಲು ಕಿಟಕಿ ಮುಚ್ಚಿ ಅಕ್ಕನ ಎದುರು ಕೂರುತ್ತೇನೆ. ನಾನು ಮೂರು ಸಲ. ಅವಳು ಮೂರು ಸಲ, ಅಷ್ಟು ಮಾಡುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನೆ ಕಿವಿಗೊಟ್ಟು ಕೂರುತ್ತೇವೆ. ಚಿಕ್ಕವಳಾಗಿದ್ದಾಗ ಅದು ಬಾರದಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ಅದು ಏನು, ಯಾರು, ನನಗೆ ಬೇಕಾಗಿಲ್ಲ. ಬಂದರೆ ಅಕ್ಕ ಮಾತಾಡುತ್ತಾಳೆ. ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಕಾಯುತ್ತೇನೆ.