ಪಿ.ಟಿ. ಸರ್ ಅತ್ತ ಐತವಾರ

ಮೊನ್ನೆ ರಾಯಚೂರಿನ ಔಷಧಿ ಅಂಗಡಿಯಲ್ಲಿ ಮೊಣಕಾಲಿಗೆಂದು ನೀಲಗಿರಿ ಎಣ್ಣೆ ಕೇಳಿದೆ. ಅಂಗಡಿಯವ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಆ ಘಾಟಿಗೆ ಪಿ.ಟಿ. ಸರ್ ನೆನಪಾದರು...

ದೇವದುರ್ಗದಲ್ಲಿ ನಾನು ವಿಜ್ಞಾನ ಹೇಳುತ್ತಿದ್ದ ಶಾಲೆಗೆ ಅವರು ಯಲ್ಲಾಪುರದ ಕಡೆಯಿಂದ ಬಂದಿದ್ದರು. ಸಿದ್ದಿ ಜನ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ವಂಶ. ಕಪ್ಪು ಮೈ, ಗುಂಗುರು ಕೂದಲು, ಮಾತು ಮಾತ್ರ ನಮ್ಮಂಥದೇ ಕನ್ನಡ. ನನ್ನ ಪಕ್ಕದ ಕೋಣೆಯಲ್ಲೇ ಬಾಡಿಗೆಗಿದ್ದರು. ಕಾಲು ಉಳುಕಿದ ಮಕ್ಕಳಿಗೆ ತಾವೇ ಆ ಎಣ್ಣೆ ತಿಕ್ಕುತ್ತಿದ್ದರು. ಕುಡಿದ ವಾಸನೆ ಮುಚ್ಚಲು ಎಣ್ಣೆ ಹಚ್ಚಿಕೊಳ್ಳುತ್ತಾನೆ ಎಂದು ಓಣಿಯವರು ಆಡಿಕೊಂಡರು. ಅವರು ಕುಡಿದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಆದರೂ ಮಗಳನ್ನು ಅವರ ಕೋಣೆಯ ಕಡೆ ಕಳಿಸುವುದು ಬಿಟ್ಟೆ.

ಒಮ್ಮೆ ಪಾಲಕರೊಬ್ಬರು ಅವರಿಗೆ 'ನೀ ಯಾವ ದೇಶದವನಲೇ' ಎಂದಿದ್ದರು. ಇವರು ದನಿ ಏರಿಸಿದರು, ಅಷ್ಟೇ. ಹೊಡೆಯಲು ಬಂದ ಎಂದು ದೂರು ಹೋಯಿತು. ಅಂದಿನಿಂದ ಸರ್ ಎಲ್ಲದಕ್ಕೂ ನಗತೊಡಗಿದರು. ಆ ನಗುವಿನ ಮೇಲೂ ನಮಗೆ ಅನುಮಾನ...

ಆಮೇಲೆ ಕೆಲವು ವಾರ, ಐತವಾರ ಮಧ್ಯಾಹ್ನ ಚೀಲ ಹಿಡಿದು ಒಬ್ಬರೇ ಅರಕೇರಾ ರಸ್ತೆಗುಂಟ ಹೋಗುವುದು ಕಾಣಿಸಿತು. 'ಎಲ್ಲಿ ಹೋಗ್ತಾನ ನೋಡ್ರಿ' ಎಂದ ಮನೆ ಮಾಲಕರ ಮಾತು ಕೇಳಿ ಒಂದು ದಿನ ಹಿಂಬಾಲಿಸಿದೆ. ಹತ್ತಿ ಹೊಲ ದಾಟಿ, ಬಂಡೆಗಳ ಮರೆಯಲ್ಲಿ, ಒಂದು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅವರು ದನಿ ತೆಗೆದು ಅಳುತ್ತಿದ್ದರು. ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೆಜ್ಜೆ ಸಪ್ಪಳಕ್ಕೆ ತಿರುಗಿದರು.

ಅದು ತಮ್ಮನ ಅಂಗಿ. ತಾವೇ ಸಾಕಿ ಬೆಳೆಸಿದ ತಮ್ಮ ಸತ್ತು ತಿಂಗಳಾಗಿತ್ತು. ಮಣ್ಣು ಮಾಡಿ ಬಂದವರು ಶಾಲೆಯಲ್ಲಿ ತಮಗೆ ಜ್ವರ ಬಂದಿತ್ತು ಎಂದು ಹೇಳಿದ್ದರಂತೆ.

"ಕೋಣ್ಯಾಗ ಅತ್ರ ಕುಡದಾನ ಅಂತೀರಿ. ಸಿಟ್ಟು ಮಾಡಿದ್ರ ಹೊಡೀತಾನ ಅಂತೀರಿ. ನಕ್ಕೋತ ಇದ್ರಷ್ಟ ನನ್ನ ಇಟ್ಕೋತೀರಿ, ಸರ್," ಎಂದರು. ಆಮೇಲೆ ಮೆಲ್ಲಗೆ, "ಯಾರಿಗೂ ಹೇಳಬ್ಯಾಡ್ರಿ."

ಪಕ್ಕದಲ್ಲಿ ಕೂತೆ. ಹೆಗಲ ಮೇಲೆ ಕೈ ಇಡಬೇಕೆನಿಸಿತು... ಇಡಲಿಲ್ಲ.

ಸಂಜೆ ಮಾಲಕರು ಕೇಳಿದಾಗ ಗೊತ್ತಾಗಲಿಲ್ಲ ಎಂದೆ. ಮಾತು ಉಳಿಸಿಕೊಂಡೆ ಎಂದು ಸಮಾಧಾನಪಟ್ಟುಕೊಂಡೆ. ಆದರೆ 'ಒಳ್ಳೆಯ ಮನುಷ್ಯ, ಸಂಶಯ ಬೇಡ' ಎಂದು ಹೇಳಲು ಯಾರ ಅಡ್ಡಿಯೂ ಇರಲಿಲ್ಲ. ಮುಂದಿನ ತಿಂಗಳು ಮಾಲಕರು ಕೋಣೆ ಬಿಡಿಸಿದರು. ಸರ್ ಮಾನ್ವಿಗೆ ವರ್ಗ ಮಾಡಿಸಿಕೊಂಡರು. ಹೊರಟಾಗಲೂ ನಗುತ್ತಲೇ ನನಗೆ ಕೈಮುಗಿದರು.

ಮೊನ್ನೆ ಮನೆಗೆ ಬಂದವನೇ ಮಾನ್ವಿಯಲ್ಲಿ ಅವರ ಜೊತೆ ಕೆಲಸ ಮಾಡಿದವರೊಬ್ಬರಿಗೆ ಫೋನ್ ಹಚ್ಚಿದೆ. ಸರ್ ತೀರಿಕೊಂಡು ಎರಡು ವರ್ಷವಾಯಿತಂತೆ.

"ಭಾಳ ಖುಷಿ ಮನಷ್ಯಾ ಬಿಡ್ರಿ," ಎಂದರು ಅವರು. "ಅವನ ಕಣ್ಣಾಗ ಎಂದೂ ನೀರು ಕಂಡಿಲ್ಲ."

ನಾ ಕಂಡೀನಿ ಎನ್ನಬೇಕಿತ್ತು. "ಹೌದ್ರಿ" ಎಂದು ಫೋನ್ ಇಟ್ಟೆ.