ಗೇಟಿನ ಹೊರಗೇ ನಿಲ್ಲಬೇಕಿದ್ದ ಕಾರು

ಹೆತ್ತವರು ಇಟ್ಟ ಹೆಸರು ಏನಿತ್ತೋ, ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ನಮ್ದೇ’ ಎಂದು. ಯಾವ ಕಾರಿನ ಮಾತು ಬಂದರೂ “ನಮ್ದೇ ಮೇಲು” ಎನ್ನುವುದು ಅವನ ಚಾಳಿ. ಸ್ವದೇಶಿ ಕಾರು ಕಾರ್ಖಾನೆಯ ಬ್ರೇಕ್ ವಿಭಾಗದಲ್ಲಿ ಫೋರ್‌ಮನ್ ಆಗಿ ತಲೆ ನರೆಯುವವರೆಗೆ ದುಡಿದ. ನಿವೃತ್ತನಾದ ಮೇಲೆ ಅಲ್ಲಿಯೇ ತಯಾರಾದ, ವೇಗಕ್ಕೆಂದೇ ಮಾಡಿದ, ಎರಡು ಬಾಗಿಲಿನ ಕೆಂಪು ಕಾರೊಂದನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ. ಹೆಂಡತಿಗೆ ಮಂಡಿನೋವು. ಅಷ್ಟು ಕೆಳಗಿದ್ದ ಸೀಟಿನಿಂದ ಏಳಲು ಅವಳು ಒದ್ದಾಡುವಾಗಲೂ ಇವನು ಬೈದದ್ದು ಮಂಡಿಯನ್ನೇ, ಸೀಟನ್ನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಇವನ ಮೊಲಕ್ಕೆ ಕಾಲೇ ಬೇಕಾಗಿರಲಿಲ್ಲ.

ಅಂಥವನಿಗೆ ಸಿಕ್ಕಿದ ಅಳಿಯ ಹಲ್ಲಿನ ಡಾಕ್ಟರು. ಮೆತ್ತಗಿನ ಮನುಷ್ಯ, ಎದುರು ಬಂದವರಿಗೆಲ್ಲ ದಾರಿ ಬಿಟ್ಟುಕೊಡುವವನು. ಅವನಿಗೆ ಇದ್ದದ್ದು ಒಂದೇ ಹುಚ್ಚು: ಓದುವಾಗಿನಿಂದ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಆ ಹೊರದೇಶದ ಕಾರನ್ನು ಒಂದು ದಿನ ಕೊಳ್ಳಬೇಕು. ಕೊಂಡ. ಕೊಂಡ ವಾರವೇ ಹೆಂಡತಿಯನ್ನು ಕೂರಿಸಿಕೊಂಡು ಮಾವನ ಮನೆಗೆ ತಂದ. ತೋರಿಸಬೇಕೆಂದು ಬಂದಿದ್ದ, ಪಾಪ.

ನಮ್ದೇ ಗೇಟು ತೆಗೆಯಲಿಲ್ಲ. “ಪರದೇಶಿ ಬೀದೀಲೇ ಇರ್ಲಿ. ಒಳಗೆ ನಮ್ಮವರಿಗೆ ಮಾತ್ರ ಜಾಗ,” ಎಂದ. ಅಳಿಯ ನಕ್ಕು, ಕಾರನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದ. ಅಂದಿನಿಂದ ಅದೇ ಪದ್ಧತಿಯಾಯಿತು. ಅವರು ಬಂದಾಗಲೆಲ್ಲ ಆ ಕಾರು ಚರಂಡಿಯ ಪಕ್ಕ, ಬಿಸಿಲಲ್ಲಿ. ಊಟಕ್ಕೆ ಕೂತರೆ ಮಾವನ ಬಾಯಲ್ಲಿ ಅನ್ನಕ್ಕಿಂತ ಹೆಚ್ಚು ಚುಚ್ಚುಮಾತು. “ಅಳಿಯಂದಿರೇ, ನಾಲ್ಕನೇ ಗೇರು ಎಲ್ಲಿದೆ ಅಂತ ಗೊತ್ತಾಯ್ತಾ? ಇಲ್ಲಾ ಅದನ್ನೂ ಆ ದೇಶದಿಂದ ಯಾರಾದ್ರೂ ಬಂದು ತೋರಿಸ್ಬೇಕಾ?” ಅಳಿಯ ತಟ್ಟೆ ನೋಡುತ್ತಾ ನಗುತ್ತಿದ್ದ. ನಗು ಬರಬರುತ್ತಾ ಕಡಿಮೆಯಾಯಿತು. ನಾಲಿಗೆಗೆ ಎಲುಬಿಲ್ಲ ಅಂದಮಾತ್ರಕ್ಕೆ ಇಷ್ಟೊಂದು ಹೊರಳಬೇಕೇ? ಇವನಿಗೆ ಹೇಳುವವರು ಯಾರೂ ಇರಲಿಲ್ಲ.

ಒಂದು ಸಂಗತಿ ನಮ್ದೇಗೆ ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ. ಕೆಂಪು ಕಾರು ತಯಾರಿಸುವ ಮೊದಲು ಕಾರ್ಖಾನೆಯವರು ಇದೇ ಹೊರದೇಶದ ಕಂಪನಿಯ ಕಾರೊಂದನ್ನು ತರಿಸಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕೊನೆಯ ಸ್ಕ್ರೂವರೆಗೆ ಬಿಚ್ಚಿ ಹರಡಿದ್ದರು. ಬೇರೆಯವರ ಕಾರು ಬಿಚ್ಚಿ ನೋಡಿ ಕಲಿಯುವುದು ಆ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ, ನಾಚಿಕೆಯದ್ದೇನಲ್ಲ. ಬ್ರೇಕು ಬಿಚ್ಚಿದವನು ಇವನೇ. ಬಿಚ್ಚಿದ ತುಂಡುಗಳನ್ನು ಕೈಯಲ್ಲಿ ಹಿಡಿದಾಗಲೇ ನಮ್ಮಿಂದ ಇಂಥದ್ದು ಆಗುವುದಿಲ್ಲ ಎಂದು ಇವನಿಗೆ ತಿಳಿದಿತ್ತು. ಕೊನೆಗೂ ಆಗಲಿಲ್ಲ. ಆ ತಿಳಿವಳಿಕೆಯನ್ನು ನುಂಗಿಕೊಂಡೇ ಇಷ್ಟು ವರ್ಷ ಬಾಯಿ ಮಾಡಿದ್ದ.

ಕೊನೆಗೆ ಅಳಿಯನೇ ಒಂದು ದಿನ ಕೇಳಿದ. “ಮಾವ, ಎರಡೂ ಗಾಡಿ ನೀವೇ ಓಡಿಸಿ ನೋಡಿ. ಯಾವುದು ಹೇಗೆ ಅಂತ ಹೇಳಿಬಿಡಿ. ನೀವು ಹೇಳಿದ್ದೇ ಸರಿ ಅಂತ ಒಪ್ಕೋತೀನಿ.” ನಮ್ದೇಗೆ ಹಾಲು ಕುಡಿದಷ್ಟು ಸಂತೋಷವಾಯಿತು. ರಜೆಯ ದಿನ ಬೆಳಿಗ್ಗೆ ಕಾರ್ಖಾನೆಯ ಹಿಂದಿನ ಖಾಲಿ ರಸ್ತೆ ಎಂದು ಗೊತ್ತು ಮಾಡಿ, ಹೆಂಡತಿ ಮಗಳ ಜೊತೆಗೆ ಹಳೆಯ ಸಹೋದ್ಯೋಗಿಗಳನ್ನೂ ನೋಡಲು ಕರೆದ.

ಹಿಂದಿನ ಸಂಜೆ ಮಗಳು ಅಡುಗೆಮನೆಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು.

“ಅಪ್ಪ, ನಾಳೆ ಓಡಿಸಿದ ಮೇಲೆ ‘ಗಾಡಿ ಚೆನ್ನಾಗಿದೆ’ ಅಂತ ಒಂದು ಸಲ ಅನ್ನು. ಸುಳ್ಳಾದ್ರೂ ಪರವಾಗಿಲ್ಲ.”

“ಅವನು ಹೇಳಿ ಕಳಿಸಿದ್ನಾ?”

“ಅವರಿಗೆ ಗೊತ್ತೇ ಇಲ್ಲ. ಇಲ್ಲಿಂದ ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲ್ಲ, ಅಪ್ಪ. ನಂಗೆ ಸಾಕಾಗಿದೆ. ನಾಳೆ ಮತ್ತೆ ಅವರನ್ನ ಆಡಿಕೊಂಡ್ರೆ ನಾನು ಈ ಮನೆಗೆ ಬರಲ್ಲ.”

ಅವಳು ಅಳುತ್ತಿರಲಿಲ್ಲ. ಅದನ್ನು ನೋಡಿ ಅವನಿಗೆ ಹೆದರಿಕೆಯಾಯಿತು. ಇದ್ದವಳು ಒಬ್ಬಳೇ ಮಗಳು, ಚಿಕ್ಕಂದಿನಲ್ಲಿ ಅವನ ಮಡಿಲಲ್ಲಿ ಕೂತು ಸ್ಟಿಯರಿಂಗ್ ಹಿಡಿದವಳು. “ಆಯ್ತಮ್ಮ, ಅಂತೀನಿ,” ಎಂದ. ಮನಸ್ಸಿನಿಂದಲೇ ಅಂದ.

ಬೆಳಿಗ್ಗೆ ಮೊದಲು ಕೆಂಪು ಕಾರು ಓಡಿಸಿದ. ಬ್ರೇಕ್ ನೋಡುವ ಅವನ ಕ್ರಮವೇ ಬೇರೆ: ವೇಗ ಏರಿಸಿ, ಎರಡೂ ಕೈಗಳನ್ನು ಸ್ಟಿಯರಿಂಗಿನಿಂದ ಮೇಲೆತ್ತಿ, ಬ್ರೇಕ್ ತುಳಿಯುವುದು. ಕಾರು ಯಾವ ಪಕ್ಕಕ್ಕೆ ಎಳೆಯುತ್ತದೆ ಎಂದು ಆಗ ಬಯಲಾಗುತ್ತದೆ. ಕೆಂಪು ಕಾರು ಎಡಕ್ಕೆ ಎಳೆಯುತ್ತಿತ್ತು, ಹುಟ್ಟಿದಾಗಿನಿಂದ. ದೂರದಲ್ಲಿದ್ದವರಿಗೆ ಅದು ಕಾಣದಂತೆ ಮೊಣಕಾಲಿನಿಂದ ಸ್ಟಿಯರಿಂಗನ್ನು ಒತ್ತಿ ಹಿಡಿದ. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು.

ಆಮೇಲೆ ಅಳಿಯನ ಕಾರು. ಪಕ್ಕದಲ್ಲಿ ಅಳಿಯ ಕೂತ. ವೇಗ ಏರಿದ್ದೇ ಗೊತ್ತಾಗಲಿಲ್ಲ. ನಮ್ದೇ ಕೈ ಎತ್ತಿ ಬ್ರೇಕ್ ತುಳಿದ. ಕಾರು ಕೂದಲೆಳೆಯಷ್ಟೂ ಆಚೀಚೆ ಹೋಗದೆ, ಬಿಗಿದ ದಾರದ ಮೇಲೆ ಬಂದಂತೆ ನೇರವಾಗಿ ಬಂದು ನಿಂತಿತು. ಅವನು ಇನ್ನೊಮ್ಮೆ ಓಡಿಸಿದ, ಮತ್ತೊಮ್ಮೆ ಓಡಿಸಿದ. ಜೀವಮಾನವಿಡೀ ತನ್ನ ಕೈಯಿಂದ ಆಗಲೆಂದು ಹಂಬಲಿಸಿದ ಬ್ರೇಕು ಅದು. ತನಗೇ ಗೊತ್ತಿಲ್ಲದೆ ಸ್ಟಿಯರಿಂಗನ್ನು ಅಂಗೈಯಿಂದ ಸವರಿದ. ಅಳಿಯ ಅದನ್ನು ಕಂಡ. ಕಂಡು ಮೆಲ್ಲಗೆ, “ಚೆನ್ನಾಗಿದೆ ಅಲ್ವಾ ಮಾವ?” ಎಂದು ಕೇಳಿದ. ಅದರಲ್ಲಿ ಹೆಮ್ಮೆ ಇರಲಿಲ್ಲ, ಅಕ್ಕರೆ ಇತ್ತು. ನಮ್ದೇಗೆ ಸಹಿಸಲಾಗದೆ ಹೋದದ್ದು ಆ ಅಕ್ಕರೆಯೇ. ತಾನು ಸವರಿದ್ದನ್ನು ಹಲ್ಲು ಕೀಳುವವನೊಬ್ಬ ನೋಡಿಬಿಟ್ಟನಲ್ಲ ಎಂದು ಮೈಯೆಲ್ಲ ಉರಿಯಿತು.

ಇಬ್ಬರೂ ಇಳಿದರು. ಸಹೋದ್ಯೋಗಿಗಳು ಕಾದಿದ್ದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು.

“ಗಾಡಿ ಚೆನ್ನಾಗಿದೆ,” ಎಂದ ನಮ್ದೇ.

ಮಗಳ ಮುಖ ಅರಳಿತು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಅವನು ಸಹೋದ್ಯೋಗಿಗಳ ಕಡೆ ತಿರುಗಿ, ಕಣ್ಣು ಹೊಡೆದು, ಬೀಗದ ಕೈಯನ್ನು ಅಳಿಯನತ್ತ ಎಸೆದ.

“ಚೆನ್ನಾಗಿದೆ. ಓಡಿಸೋಕೆ ಗಂಡಸು ಬೇಕು ಅಷ್ಟೆ.”

ಸಹೋದ್ಯೋಗಿಗಳು ಬಿದ್ದು ಬಿದ್ದು ನಕ್ಕರು. ಅಳಿಯನಿಗೆ ಬೀಗದ ಕೈ ಹಿಡಿಯಲಾಗಲಿಲ್ಲ, ಅದು ರಸ್ತೆಗೆ ಬಿತ್ತು. ಅದನ್ನು ನೋಡಿ ಇನ್ನೊಮ್ಮೆ ನಕ್ಕರು. ಮಗಳು ಬಂದು ಬಗ್ಗಿ ಅದನ್ನು ಎತ್ತಿಕೊಂಡಳು. ಗಂಡನನ್ನು ತೋಳು ಹಿಡಿದು ಪಕ್ಕದ ಸೀಟಿನಲ್ಲಿ ಕೂರಿಸಿ, ತಾನೇ ಓಡಿಸಿಕೊಂಡು ಹೋದಳು.

“ಬರ್ತಾಳೆ ಬಿಡು, ಎಲ್ಲಿಗೆ ಹೋಗ್ತಾಳೆ,” ಎಂದು ನಮ್ದೇ ಹೆಂಡತಿಗೆ ಹೇಳಿದ. ಮಳೆಗಾಲ ಮುಗಿಯಿತು, ಚಳಿಗಾಲ ಮುಗಿಯಿತು. ಅವನು ಫೋನ್ ಮಾಡಿದರೆ ಮಗಳು ಎತ್ತುತ್ತಿರಲಿಲ್ಲ. ಅಮ್ಮ ಒಬ್ಬಳೇ ಆಗಾಗ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದಳು. ಬಂದಾಗ ಅವನು ಮಗಳ ಬಗ್ಗೆ ಕೇಳುತ್ತಿರಲಿಲ್ಲ.

ಒಂದು ಸಲ ಹೆಂಡತಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದ. “ಏನೇ, ಆ ಗಾಡಿ ಹೇಗಿದೆ? ಈಗಲಾದ್ರೂ ಒಳಗೆ ನಿಲ್ಲಿಸ್ಲಿ, ಜಾಗ ಮಾಡ್ತೀನಿ ಅಂತ ಹೇಳು.”

ಹೆಂಡತಿ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು.

“ಅದನ್ನ ಮಾರಿಬಿಟ್ರಂತೆ ರೀ. ಅದರಲ್ಲಿ ಕೂತ್ರೆ ಅಳಿಯಂದಿರಿಗೆ ನೀವು ಅಂದ ಮಾತೇ ಕೇಳಿಸ್ತಿತ್ತಂತೆ. ನಿಮ್ಮ ಕಾರ್ಖಾನೇದೇ ಒಂದು ತಗೊಂಡಿದ್ದಾರೆ.”

ನಮ್ದೇಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಬೆಳಕು ಬಂತು. “ಹಾಗಾದ್ರೆ ಬರ್ತಾರೆ,” ಎಂದ.

“ಇಲ್ಲ,” ಎಂದಳು ಹೆಂಡತಿ. “ಬರಲ್ಲ ಅಂತ ನಿಮಗೆ ಹೇಳು ಅಂದ್ಲು.”